ಬಿತ್ತದೆ ಕೊಯ್ಯುವವರ ಋಣ

ಮನುಷ್ಯನು ಉಣ್ಣುವ ಆಹಾರವು ಎರಡು ವಿಧವಾಗಿರುವದು. ಒಂದು, ಅವನು ಉತ್ತು ಬಿತ್ತಿ ಕಾದು ಕೊಯ್ದದ್ದು. ಇನ್ನೊಂದು, ಅವನು ಬಿತ್ತದೆಯೂ ನೀರೆರೆಯದೆಯೂ ಇರುವಾಗ ಹೊಲದ ಬದುವಿನಲ್ಲಿ, ತೋಡಿನ ಅಂಚಿನಲ್ಲಿ, ಗುಡ್ಡದ ಓರೆಯಲ್ಲಿ ಮಳೆಯ ಹಿಂದೆಯೇ ತಾನಾಗಿ ಎದ್ದು ನಿಂತದ್ದು. ಮೊದಲನೆಯದರ ವಿಷಯವಾಗಿ ನಮಗಿರುವ ಸಾಲಗಳು ಯಾವವೆಂದು ಎಲ್ಲರೂ ಬಲ್ಲರು. ಬೀಜ ಕೊಟ್ಟವನಿಗೆ ಬೀಜ, ಎತ್ತು ಕೊಟ್ಟವನಿಗೆ ಬಾಡಿಗೆ, ದುಡಿದವನಿಗೆ ಕೂಲಿ, ಭೂಮಿಯವನಿಗೆ ಅವನ ಪಾಲು. ಎರಡನೆಯದರ ವಿಷಯವಾಗಿ ಕೇಳಿದರೆ, ಅದು ಬಿಟ್ಟಿ ಸಿಕ್ಕಿದ್ದು, ಅದಕ್ಕೆ ಯಾವ ಸಾಲವೂ ಇಲ್ಲ ಎಂದು ಹೇಳುವವರೇ ಬಹಳ.

ಇದು ನಿಜವೋ? ಬಿತ್ತದೆ ಕೊಯ್ಯುವವನು ಯಾರಿಗೂ ಏನೂ ಸಲ್ಲಿಸತಕ್ಕದ್ದಿಲ್ಲವೋ? ಈ ಪ್ರಶ್ನೆಯನ್ನು ನಾವು ಈ ತಿಂಗಳು ವಿಚಾರಿಸುವೆವು. ಸೊಪ್ಪುಸದೆಯ ವಿಷಯವು ಇಷ್ಟು ವಿಚಾರಣೆಗೆ ತಕ್ಕದ್ದೋ ಎಂದು ಯಾರೂ ನಗಬಾರದು. ಯಾಕಂದರೆ ಈ ವಿಷಯದಲ್ಲಿ ನಮ್ಮ ಜನರು ಈಗ ಎರಡು ತಪ್ಪುಗಳಲ್ಲಿ ಬೀಳುತ್ತಾರೆ. ಓದು ಕಲಿತ ಮನೆಯವರು ಕಾಡುಸೊಪ್ಪನ್ನು ಬಡವರ ತಿನಿಸೆಂದು ನಾಚಿ ಬಿಟ್ಟುಬಿಡುತ್ತಾರೆ. ಇನ್ನು ಕೆಲವರು ಅದಕ್ಕೆ ಸಂತೆಯಲ್ಲಿ ಬೆಲೆಯುಂಟೆಂದು ತಿಳಿದ ಕೂಡಲೆ ಬುಡಸಹಿತ ಕಿತ್ತು ಒಯ್ಯುತ್ತಾರೆ. ನಾಚಿಕೆಯೂ ದುರಾಶೆಯೂ ಒಂದಕ್ಕೊಂದು ವಿರೋಧವಾಗಿ ಕಂಡರೂ ಎರಡರ ಬೇರು ಒಂದೇ. ಇದು ಬಿಟ್ಟಿ ಎಂಬ ಎಣಿಕೆಯೇ ಆ ಬೇರು. ಬಿಟ್ಟಿಯಾದದ್ದನ್ನು ಒಬ್ಬನು ತುಚ್ಛವೆಂದು ತಳ್ಳುವನು, ಮತ್ತೊಬ್ಬನು ಲೆಕ್ಕವಿಲ್ಲದೆ ಬಾಚುವನು.

ಅದು ಬಿಟ್ಟಿಯಲ್ಲವೆಂಬದಕ್ಕೆ ಮೊದಲನೆಯ ಸಾಕ್ಷಿ ನಮ್ಮ ಅಡಿಗೆಯ ಒಲೆಯೇ. ನಮ್ಮ ವಾಚಕರಲ್ಲಿ ಕೆಲವರು ಬಯಲುಸೀಮೆಯವರು, ಕೆಲವರು ಕರಾವಳಿಯವರು. ಆದಕಾರಣ ಎರಡು ಕಡೆಯ ಮಾತನ್ನೂ ಹೇಳುವೆವು. ಕೋಲಾರ ತುಮಕೂರು ಸೀಮೆಗಳಲ್ಲಿ ರಾಗಿಯ ಹೊಲದ ಕಳೆ ತೆಗೆಯಲಿಕ್ಕೆ ಹೋದ ಹೆಂಗಸು ಕಳೆಯೆಲ್ಲವನ್ನೂ ಬದುವಿಗೆ ಎಸೆದುಬಿಡುವದಿಲ್ಲ. ಅಣ್ಣೆ, ಗೋಣಿ, ಹೊನಗೊನೆ, ಕನ್ನೆ, ಕೊಮ್ಮೆ, ಕಾಗೆಗಣಿಕೆ, ತಾನಾಗಿ ಹುಟ್ಟಿದ ಕೀರೆ, ಇವುಗಳ ಕುಡಿಗಳನ್ನು ಚಿವುಟಿ ಮಡಿಲಿಗೆ ಹಾಕಿಕೊಳ್ಳುತ್ತಾಳೆ. ಸಾಯಂಕಾಲಕ್ಕೆ ಅದು ಬೆರಕೆ ಸೊಪ್ಪೆಂಬ ಹೆಸರಿನಿಂದ ಬೇಳೆಯೊಂದಿಗೆ ಬೆಂದು, ಬಸಿದ ನೀರು ಸಾರಾಗಿ, ಉಳಿದದ್ದು ಪಲ್ಯವಾಗಿ, ಮುದ್ದೆಯ ಪಕ್ಕಕ್ಕೆ ಬರುವದು. ನೋಡುವವನಿಗೆ ಅದು ಕೈಗೆ ಸಿಕ್ಕಿದ್ದನ್ನೆಲ್ಲಾ ಕೂಡಿಸಿದಂತೆ ಕಾಣುವದು. ಹಾಗಲ್ಲ. ಕಹಿ ಎಷ್ಟು, ಹುಳಿ ಎಷ್ಟು, ಲೋಳೆ ಎಷ್ಟು ಎಂಬ ಅಳತೆಯು ಅವಳ ಕೈಯಲ್ಲಿಯೇ ಉಂಟು. ಕಾಗೆಗಣಿಕೆಯ ಕುಡಿಯನ್ನು ಬೇಯಿಸಬಹುದು, ಚೆನ್ನಾಗಿ ಮಾಗಿದ ಹಣ್ಣನ್ನು ತಿನ್ನಬಹುದು, ಆದರೆ ಹಸುರುಕಾಯಿಯಲ್ಲಿ ವಿಷವುಂಟು ಎಂಬದನ್ನು ಅವಳು ಯಾವ ಪುಸ್ತಕದಲ್ಲಿಯೂ ಓದಿದವಳಲ್ಲ. ಆದರೂ ಮಗುವಿನ ಕೈಯಿಂದ ಆ ಹಸುರುಕಾಯನ್ನು ತಪ್ಪದೆ ಕಿತ್ತುಕೊಳ್ಳುವಳು.

ಕರಾವಳಿಯಲ್ಲಿ ಜುಲೈ ನಡುವಿನಿಂದ ಆಗಸ್ಟ್ ನಡುವಿನ ವರೆಗೆ ಆಟಿ ತಿಂಗಳು. ಹಿಂದಿನ ಕಾಲದಲ್ಲಿ ಅದು ಕೊರತೆಯ ತಿಂಗಳಾಗಿತ್ತು. ಹಳೇ ಭತ್ತವು ಕಣಜದಲ್ಲಿ ತೀರುತ್ತಾ ಬರುವದು, ಹೊಸದು ಇನ್ನೂ ಗದ್ದೆಯಲ್ಲಿ ಹಸುರಾಗಿರುವದು, ಎಡೆಬಿಡದ ಮಳೆಯಲ್ಲಿ ಕೂಲಿಯೂ ಸಿಕ್ಕದು. ಆ ಇಕ್ಕಟ್ಟಿನಲ್ಲಿ ಜನರು ಗುಡ್ಡದ ಕಡೆಗೆ ನೋಡಿದರು. ತುಳುವಿನಲ್ಲಿ ತಜಂಕ್ ಎನ್ನುವ ತಗಚೆಯ ಚಿಗುರು ಹಲಸಿನ ಬೀಜದೊಂದಿಗೆ ಪಲ್ಯವಾಯಿತು. ಕೆಸುವಿನ ಎಲೆಗೆ ಅಕ್ಕಿಯ ಹಿಟ್ಟನ್ನೂ ಮಸಾಲೆಯನ್ನೂ ಸವರಿ ಸುರುಳಿ ಸುತ್ತಿ ಹಬೆಯಲ್ಲಿ ಬೇಯಿಸಿದಾಗ ಪತ್ರೊಡೆಯಾಯಿತು. ಬಿದಿರಿನ ಎಳೇ ಮೊಳಕೆಯು ಕಣಿಲೆ ಎಂದೂ ಕಳಲೆ ಎಂದೂ ಕರೆಯಲ್ಪಟ್ಟು ಪಾತ್ರೆಗೆ ಬಂತು.

ಇವುಗಳಲ್ಲಿ ಒಂದಾದರೂ ನಿಯಮವಿಲ್ಲದೆ ಬಾಯಿಗೆ ಬರತಕ್ಕದ್ದಲ್ಲ. ತಗಚೆಯನ್ನು ಹೂ ಬಿಡುವದಕ್ಕೆ ಮುಂಚೆ, ಎಳೇದಾಗಿರುವಾಗಲೇ ಕೊಯ್ಯಬೇಕು. ಕೆಸುವಿನಲ್ಲಿ ಕಣ್ಣಿಗೆ ಕಾಣದ, ಸೂಜಿಯಂತೆ ಚೂಪಾದ ಹರಳುಗಳಿರುವದರಿಂದ ಅದು ನಾಲಿಗೆಯನ್ನೂ ಗಂಟಲನ್ನೂ ತುರಿಸುವದು. ಆದಕಾರಣ ಹಿಟ್ಟಿಗೆ ಹುಣಿಸೆಯ ಹುಳಿ ಬೇಕು, ಹಬೆಯಲ್ಲಿ ಬಹಳ ಹೊತ್ತು ಇಡಬೇಕು. ಕಳಲೆಯ ವಿಷಯವು ಇನ್ನೂ ಗಂಭೀರವಾದದ್ದು. ಹಸಿ ಕಳಲೆಯಲ್ಲಿರುವ ಒಂದು ದ್ರವ್ಯವು ಹೊಟ್ಟೆಯಲ್ಲಿ ಸಯನೈಡ್ ಎಂಬ ಘೋರ ವಿಷವನ್ನು ಹುಟ್ಟಿಸುವದೆಂದು ಈಗಿನ ವಿಜ್ಞಾನಿಗಳು ಹೇಳುತ್ತಾರೆ. ತೆಳುವಾಗಿ ಹೆಚ್ಚಿ, ನೀರಿನಲ್ಲಿ ನೆನೆಹಾಕಿ, ದಿನವೂ ನೀರು ಬದಲಿಸಿ, ಎರಡು ಮೂರು ದಿವಸಗಳಾದ ಮೇಲೆ ಚೆನ್ನಾಗಿ ಬೇಯಿಸಿದರೆ ಆ ವಿಷವು ಒಡೆದು ಹೋಗುವದು. ಸಯನೈಡ್ ಎಂಬ ಹೆಸರನ್ನೇ ಕೇಳದ ನಮ್ಮ ಅಜ್ಜಿಯಂದಿರು ತಲೆತಲಾಂತರದಿಂದ ಮಾಡುತ್ತಾ ಬಂದದ್ದು ಇದನ್ನೇ.

ಈ ನಿಯಮಗಳು ಎಲ್ಲಿಂದ ಬಂದವು? ಆಕಾಶದಿಂದ ಉದುರಿದವುಗಳಲ್ಲ. ಯಾವನದೋ ಗಂಟಲು ಉರಿಯಿತು, ಯಾವಳದೋ ಮಗು ರಾತ್ರಿಯೆಲ್ಲಾ ವಾಂತಿ ಮಾಡಿತು, ಯಾವದೋ ಮನೆಯಲ್ಲಿ ಒಬ್ಬನು ಬೆಳಗಾಗುವದರೊಳಗೆ ಸತ್ತನು. ಅದನ್ನು ಕಂಡವರು ಮರೆಯದೆ ಮುಂದಿನವರಿಗೆ ಹೇಳಿದರು. ಅಂದ ಮೇಲೆ ಕಾಡಿನ ಸೊಪ್ಪಿಗೂ ಬೆಲೆಯುಂಟು. ಆ ಬೆಲೆಯನ್ನು ನಾವು ತೆರಲಿಲ್ಲ, ನಮಗಿಂತ ಮುಂಚೆ ಇದ್ದವರು ತಮ್ಮ ದೇಹಗಳಿಂದ ತೆತ್ತರು. ಇನ್ನೊಬ್ಬನು ತೆತ್ತ ಬೆಲೆಯಿಂದ ಉಣ್ಣುವವನು ಸಾಲಗಾರನೇ ಹೊರತು ಬಿಟ್ಟಿ ಉಣ್ಣುವವನಲ್ಲ.

ಈಗ ನಾಚಿಕೆಯ ಮಾತನ್ನು ನೋಡೋಣ. ನಮ್ಮ ಸಭೆಗಳ ಹಿರಿಯರಲ್ಲಿ ಬಹಳ ಮಂದಿ ಭೂಮಿಯಿಲ್ಲದ ಮನೆಗಳಲ್ಲಿ ಹುಟ್ಟಿದವರು. ಅವರಿಗೆ ಸೊಪ್ಪು ಕೀಳುವದು ರುಚಿಗಾಗಿ ಮಾಡಿದ ಕೆಲಸವಾಗಿರಲಿಲ್ಲ, ಹಸಿವಿನ ನಿಮಿತ್ತ ಮಾಡಿದ್ದಾಗಿತ್ತು. ಬೇರೆಯವರ ಬದುವಿನಲ್ಲಿ ಬಗ್ಗಿದಾಗ ಬೈಗಳನ್ನೂ ಕೇಳಿದವರು ಅವರಲ್ಲಿದ್ದರು. ಅಂಥವರ ಮಕ್ಕಳು ಪಾಠಶಾಲೆಗೆ ಹೋಗಿ ಉದ್ಯೋಗ ಹಿಡಿದ ಮೇಲೆ, ಆ ಬುಟ್ಟಿಯನ್ನು ಕಂಡಾಗ ಹಳೇ ಅವಮಾನವನ್ನೇ ಕಾಣುವದು ಆಶ್ಚರ್ಯವಲ್ಲ. ಆದಕಾರಣ ಅವರನ್ನು ನಾವು ಕಠಿಣವಾಗಿ ದೂಷಿಸುವದಿಲ್ಲ. ಆದರೆ ಒಂದು ಮಾತನ್ನು ಕೇಳುವೆವು: ಅವಮಾನವು ಆ ಸೊಪ್ಪಿನಲ್ಲಿತ್ತೋ, ಬೈದವನ ಬಾಯಲ್ಲಿತ್ತೋ? ಬಡತನವು ನಾಚಿಕೆಯಲ್ಲ, ಬಡವನನ್ನು ಬದುವಿನಿಂದ ಓಡಿಸುವದು ನಾಚಿಕೆ. ಹಸಿವು ಹೋಗಲೆಂದು ಪ್ರಾರ್ಥಿಸೋಣ, ದುಡಿಯೋಣ. ಹಸಿವಿನೊಂದಿಗೆ ಅರಿವನ್ನೂ ಹೊರಗೆ ಹಾಕುವದು ಯಾಕೆ?

ಈಗ ಪಡಿತರ ಉಂಟಲ್ಲಾ ಎಂದು ಕೆಲವರು ಹೇಳುವರು. ನಿಜವೇ. ೨೦೧೩ರ ಆಹಾರ ಭದ್ರತಾ ಕಾಯ್ದೆಯಿಂದ ಆದ್ಯತೆಯ ಕುಟುಂಬಗಳಲ್ಲಿ ತಲೆಯೊಂದಕ್ಕೆ ತಿಂಗಳಿಗೆ ೫ ಕಿಲೋ ಧಾನ್ಯವು ಹಕ್ಕಾಗಿ ಸಲ್ಲುವದು. ಇದು ದೊಡ್ಡ ಉಪಕಾರ. ಇದನ್ನು ಹಗುರವಾಗಿ ಮಾತಾಡುವವನು ಹಸಿವನ್ನು ಕಂಡವನಲ್ಲ. ೧೮೭೬ರಿಂದ ೧೮೭೮ರ ವರೆಗೆ ನಮ್ಮ ದೇಶದಲ್ಲಿ ಬಿದ್ದ ಮಹಾ ಬರಗಾಲವನ್ನು ನೆನಪಿಗೆ ತಂದುಕೊಳ್ಳಿರಿ. ೧೮೭೧ರ ಖಾನೇಷುಮಾರಿಯಲ್ಲಿ ೫೦ ಲಕ್ಷಕ್ಕೆ ಮಿಕ್ಕಿದ್ದ ಮೈಸೂರು ಸಂಸ್ಥಾನದ ಜನರು ೧೮೮೧ರಲ್ಲಿ ೪೨ ಲಕ್ಷಕ್ಕೂ ಕಡಿಮೆಯಾಗಿದ್ದರು. ಕಾಡಿನ ಎಲೆಬೇರುಗಳೇ ಆಗ ಜನರನ್ನು ಉಳಿಸಿದವೆಂದು ಹೇಳಿದರೆ ಸುಳ್ಳಾಗುವದು; ಮಳೆ ತಪ್ಪಿದಾಗ ಸೊಪ್ಪೂ ಒಣಗುವದು. ಅಂಥ ಕಾಲಕ್ಕೆ ಬೇಕಾದದ್ದು ನ್ಯಾಯವಾಗಿ ಹಂಚಲ್ಪಡುವ ಧಾನ್ಯವೇ. ಆದರೆ ಅಕ್ಕಿಯು ಹೊಟ್ಟೆಯನ್ನು ತುಂಬಿಸುವದೇ ಹೊರತು, ಎಳೇ ಮಕ್ಕಳ ಕಣ್ಣಿಗೂ ಬಸುರಿಯರ ರಕ್ತಕ್ಕೂ ಬೇಕಾದ ಸತ್ವವೆಲ್ಲಾ ಅದರಲ್ಲಿಲ್ಲ. ಅಕ್ಕಿ ಕೊಡದ್ದನ್ನು ಸೊಪ್ಪು ಕೊಡುವದು. ಪಡಿತರದ ಅಂಗಡಿಯೂ ಬದುವಿನ ಸೊಪ್ಪೂ ಒಂದಕ್ಕೊಂದು ವೈರಿಗಳಲ್ಲ.

ಹಾಗಾದರೆ ಬಿತ್ತದೆ ಕೊಯ್ಯುವವನ ಋಣಗಳು ಯಾವವು? ನಮ್ಮ ತಿಳುವಳಿಕೆಯ ಪ್ರಕಾರ ಅವು ಮೂರು.

ಮೊದಲನೆಯದು ನಿಜದ ಋಣ. ಬಿತ್ತಿದವನಿಗೆ ತಾನು ಬಿತ್ತಿದ್ದು ಇಂಥದ್ದೆಂದು ಗೊತ್ತು. ಬಿತ್ತದವನು ಪ್ರತಿಯೊಂದು ಗಿಡವನ್ನೂ ಗುರುತಿಸಲೇ ಬೇಕು. ಎರಡನೆಯ ಅರಸುಗಳ ಪುಸ್ತಕದಲ್ಲಿ ಬರುವ ಗಿಲ್ಗಾಲಿನ ವೃತ್ತಾಂತವನ್ನು ವಾಚಕರು ಬಲ್ಲರು. ದೇಶದಲ್ಲಿ ಬರ ಬಿದ್ದಿತ್ತು. ಎಲೀಷನ ಬಳಿಯಲ್ಲಿದ್ದ ಶಿಷ್ಯರಿಗೆ ಅಡಿಗೆ ಮಾಡುವದಕ್ಕಾಗಿ ಒಬ್ಬನು ಹೊಲಕ್ಕೆ ಹೋಗಿ, ಒಂದು ಕಾಡುಬಳ್ಳಿಯನ್ನು ಕಂಡು, ಅದರ ಕಾಯಿಗಳನ್ನು ಸೆರಗು ತುಂಬಾ ತಂದು ಪಾತ್ರೆಗೆ ಹೆಚ್ಚಿ ಹಾಕಿದನು. ಅವು ಏನೆಂದು ಅವರಿಗೆ ಗೊತ್ತಿರಲಿಲ್ಲ. ಬಾಯಿಗಿಟ್ಟ ಕೂಡಲೆ ಪಾತ್ರೆಯಲ್ಲಿ ಮರಣವುಂಟೆಂದು ಕೂಗಿಕೊಂಡರು. ಆ ಮನುಷ್ಯನು ದುಷ್ಟನಾಗಿರಲಿಲ್ಲ, ಸೋಮಾರಿಯೂ ಆಗಿರಲಿಲ್ಲ. ತನ್ನ ಸಹೋದರರಿಗೆ ಉಣಿಸಬೇಕೆಂದೇ ಹೋಗಿದ್ದನು. ಆದರೂ ಒಳ್ಳೇ ಮನಸ್ಸು ಕಹಿಕಾಯನ್ನು ಸಿಹಿಮಾಡಲಿಲ್ಲ. ಪ್ರೀತಿಯು ಅರಿವಿನ ಸ್ಥಾನದಲ್ಲಿ ಕೂತುಕೊಳ್ಳಲಾರದೆಂಬದನ್ನು ಇದರಿಂದ ಕಲಿಯತಕ್ಕದ್ದು.

ನಮ್ಮ ಕಾಲದಲ್ಲಿಯೂ ಇದೇ ಪಾಠವು ಬಹು ದುಃಖದಿಂದ ಕಲಿಸಲ್ಪಟ್ಟಿತು. ಉತ್ತರ ಪ್ರದೇಶದ ಪಶ್ಚಿಮ ಭಾಗದಲ್ಲಿ ಅನೇಕ ವರುಷಗಳ ತನಕ ಚಳಿಗಾಲದ ಆರಂಭದಲ್ಲಿ ಚಿಕ್ಕ ಮಕ್ಕಳು ಇದ್ದಕ್ಕಿದ್ದಂತೆ ವಾಂತಿ ಮಾಡಿ, ಪ್ರಜ್ಞೆ ತಪ್ಪಿ, ಕೆಲವೇ ದಿವಸಗಳಲ್ಲಿ ಸಾಯುತ್ತಿದ್ದರು. ಅದು ಮೆದುಳಿನ ಜ್ವರವೆಂದು ಎಣಿಸಲ್ಪಟ್ಟಿತು. ತಗಚೆಯ ಜಾತಿಗೇ ಸೇರಿದ, ಹಿಂದಿಯಲ್ಲಿ ಕಸೌಂದಿ ಎನ್ನುವ ಗಿಡದ ಕಾಯಿಬೀಜಗಳನ್ನು ಮಕ್ಕಳು ಆಟದಲ್ಲಿ ತಿಂದದ್ದೇ ಅದಕ್ಕೆ ಕಾರಣವಾಗಿರಬೇಕೆಂದು ವೈದ್ಯರು ೨೦೦೭ರಲ್ಲಿ ಪ್ರಕಟಿಸಿದರು. ೨೦೧೬ರಲ್ಲಿ ಒಡಿಶಾದ ಮಲ್ಕಾನ್‌ಗಿರಿ ಜಿಲ್ಲೆಯಲ್ಲಿ ಬಹಳ ಮಕ್ಕಳು ಸತ್ತಾಗ, ಕೆಲವರು ಸೊಳ್ಳೆಯಿಂದ ಹರಡುವ ಮೆದುಳು ಜ್ವರದಿಂದ ಸತ್ತಿದ್ದರೂ, ಅನೇಕರ ಸಾವಿಗೆ ಇದೇ ಗಿಡದ ಬೀಜವು ಕಾರಣವೆಂದು ವಿಚಾರಣೆಯಿಂದ ತಿಳಿದುಬಂತು. ಈ ಗಿಡವು ನಮ್ಮ ರಸ್ತೆಗಳ ಬದಿಯಲ್ಲಿಯೂ ಬೆಳೆಯುವದು. ಆದಕಾರಣ ಗುರುತನ್ನು ಹೇಳುವೆವು. ನಾವು ಪಲ್ಯ ಮಾಡುವ ತಗಚೆಯ ಒಂದೊಂದು ಕಡ್ಡಿಯಲ್ಲಿ ಮೂರು ಜೊತೆ ಎಲೆಗಳಿದ್ದು ಅವುಗಳ ತುದಿಯು ದುಂಡಾಗಿರುವದು, ಕಾಯಿಯು ಸಪೂರವಾಗಿ ಉದ್ದವಾಗಿ ಬಾಗಿರುವದು. ವಿಷದ ಗಿಡದಲ್ಲಿ ನಾಲ್ಕೈದು ಜೊತೆ ಎಲೆಗಳಿದ್ದು ತುದಿಯು ಚೂಪಾಗಿರುವದು, ಕಾಯಿಯು ಚಪ್ಪಟೆಯಾಗಿರುವದು. ಎರಡೂ ಅಕ್ಕತಂಗಿಯರಂತೆ ಹಳದಿ ಹೂವನ್ನೇ ಬಿಡುತ್ತವೆ. ಮಕ್ಕಳಿಗೆ ಇದನ್ನು ಗಿಡದ ಮುಂದೆ ನಿಲ್ಲಿಸಿಯೇ ತೋರಿಸಬೇಕು, ಬಾಯಿಮಾತಿನಿಂದ ಕಲಿಯತಕ್ಕದ್ದಲ್ಲ.

ಅಣಬೆಯ ವಿಷಯದಲ್ಲಿ ಈ ಎಚ್ಚರಿಕೆಯು ಇಮ್ಮಡಿಯಾಗಿರಬೇಕು. ಹುತ್ತದ ಮೇಲೆ ಏಳುವ ಅಣಬೆಯನ್ನು ನಮ್ಮವರು ಪ್ರೀತಿಯಿಂದ ತಿನ್ನುತ್ತಾರೆ. ಆದರೆ ಅದನ್ನು ಹೋಲುವ ವಿಷದ ಅಣಬೆಗಳುಂಟು. ಬೆಳ್ಳಿಯ ನಾಣ್ಯವನ್ನಾಗಲಿ ಬೆಳ್ಳುಳ್ಳಿಯನ್ನಾಗಲಿ ಜೊತೆಯಲ್ಲಿ ಹಾಕಿ, ಅದು ಕಪ್ಪಾಗದಿದ್ದರೆ ಭಯವಿಲ್ಲವೆಂದು ಹೇಳುವದು ಬರೇ ಸುಳ್ಳು. ಎಲ್ಲಕ್ಕಿಂತ ಘೋರವಾದ ಅಣಬೆಯ ವಿಷವು ಎಷ್ಟು ಕುದಿಸಿದರೂ ಹೋಗದು. ಇಲ್ಲಿ ಅನುಮಾನವುಳ್ಳವನಿಗೆ ಒಂದೇ ಮಾತು ತಕ್ಕದ್ದು: ನನಗೆ ಗೊತ್ತಿಲ್ಲ. ಈ ಮಾತನ್ನು ಹೇಳಲಿಕ್ಕೆ ನಾಚದವನೇ ಸೊಪ್ಪು ಕೊಯ್ಯುವದಕ್ಕೆ ಯೋಗ್ಯನು. ಊಹೆಯಿಂದ ತಾನು ತಿನ್ನುವವನು ತನ್ನ ಜೀವವನ್ನು ಅಲಕ್ಷ್ಯಮಾಡುವನು. ಊಹೆಯಿಂದ ಬೇರೆಯವರಿಗೆ ಬಡಿಸುವವನು ನೆರೆಯವನ ವಿಷಯದಲ್ಲಿ ಸುಳ್ಳುಸಾಕ್ಷಿ ಹೇಳುವವನಿಗೆ ಸಮಾನನು.

ಎರಡನೆಯದು ಮಿತಿಯ ಋಣ. ಇಸ್ರಾಯೇಲ್ಯರು ಅರಣ್ಯದಲ್ಲಿ ಬಿತ್ತದೆ ಕೂಡಿಸಿದ ಮನ್ನದ ನಿಯಮವೇನು? ಅವರವರ ಹೊಟ್ಟೆಗೆ ಬೇಕಾದಷ್ಟು ಮಾತ್ರ. ನಾಳೆಗೆಂದು ಬಚ್ಚಿಟ್ಟದ್ದು ಹುಳ ಬಿದ್ದು ನಾರಿತು. ಗೂಡನ್ನು ಕಂಡರೆ ಮರಿಗಳನ್ನು ತೆಗೆದುಕೊಳ್ಳಬಹುದು, ತಾಯಿಹಕ್ಕಿಯನ್ನು ಬಿಟ್ಟುಬಿಡಬೇಕೆಂಬದು ಮೋಶೆಯ ಧರ್ಮಶಾಸ್ತ್ರದಲ್ಲಿರುವ ಇನ್ನೊಂದು ಅಪ್ಪಣೆ. ತಾಯಿಯನ್ನು ಉಳಿಸಿದರೆ ಇನ್ನೊಂದು ವರುಷವೂ ಗೂಡುಂಟು. ಇದೇ ಬುದ್ಧಿಯನ್ನು ನಮ್ಮ ದೇಶದ ಕಾಡಿನವರೂ ಬಲ್ಲರು. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಕಾಡುಗೆಣಸನ್ನು ಅಗೆದು ತೆಗೆದ ಮೇಲೆ, ಬಳ್ಳಿಯ ತಲೆಯನ್ನು ಸ್ವಲ್ಪ ಗೆಡ್ಡೆಯೊಂದಿಗೆ ಗುಣಿಯಲ್ಲಿ ತಿರಿಗಿ ಇಟ್ಟು ಮಣ್ಣು ಮುಚ್ಚುವದುಂಟು. ನಮ್ಮ ಹೊಲಗಳಲ್ಲಿ ಕುಡಿ ಚಿವುಟುವ ಹೆಂಗಸೂ ಬೇರನ್ನು ಕೀಳುವದಿಲ್ಲ; ಚಿವುಟಿದಲ್ಲಿ ಎರಡು ಕವಲು ಒಡೆಯುವದೆಂದು ಅವಳಿಗೆ ಗೊತ್ತು.

ಈ ಮಿತಿಯು ಎಲ್ಲಿ ಮುರಿಯುವದೆಂಬದಕ್ಕೆ ಒಂದು ದೃಷ್ಟಾಂತ ಕೊಡುವೆವು. ಉತ್ತರ ಕನ್ನಡ ಜಿಲ್ಲೆಯ ಕಾಡುಗಳಲ್ಲಿ ಉಪ್ಪಾಗೆ ಎಂಬ ಮರವುಂಟು. ಅದರ ಹುಳಿಸಿಪ್ಪೆಯನ್ನು ಒಣಗಿಸಿ ಸಾರಿಗೆ ಹಾಕುವರು, ಬೀಜದಿಂದ ತುಪ್ಪ ತೆಗೆಯುವರು. ಹಣ್ಣು ಮಾಗುವ ತನಕ ಜನರು ಕಾಯುತ್ತಿದ್ದರು. ೧೯೯೦ರ ದಶಕದಲ್ಲಿ ಆ ಸಿಪ್ಪೆಯಿಂದ ಮೈಯ ಕೊಬ್ಬನ್ನು ಕರಗಿಸುವ ಮದ್ದಾಗುವದೆಂದು ವಿದೇಶಗಳಲ್ಲಿ ಪ್ರಚಾರವಾಗಿ ಅದರ ಬೆಲೆಯು ಏರಿತು. ಆಗ ಏನಾಯಿತು? ನಾನು ಇಂದು ಕೊಯ್ಯದಿದ್ದರೆ ನಾಳೆ ಮತ್ತೊಬ್ಬನು ಕೊಯ್ಯುವನೆಂದು ಒಬ್ಬೊಬ್ಬನೂ ಎಣಿಸಿ, ಹಣ್ಣಾಗುವದಕ್ಕೆ ಮುಂಚೆಯೇ ಕಾಯನ್ನು ಉದುರಿಸಿದರು, ಕೊಂಬೆಗಳನ್ನೇ ಕಡಿದರು. ಉಂಡು ಹೆಚ್ಚಾದವರ ಮೈ ಇಳಿಸುವದಕ್ಕಾಗಿ ಬಡವರ ಕಾಡಿನ ಕೊಂಬೆ ಮುರಿಯಿತು. ಮಾಕಳಿಬೇರಿನ ಕಥೆಯೂ ಇಂಥದ್ದೇ. ಅದರ ಉಪ್ಪಿನಕಾಯಿಯನ್ನು ಬಯಲುಸೀಮೆಯವರು ಬಲ್ಲರು. ಬೇರನ್ನೇ ಮಾರುವದರಿಂದ ಬಳ್ಳಿಯೇ ಸಾಯುವದು. ಈಗ ಅದು ಅಳಿವಿನ ಭಯದಲ್ಲಿರುವ ಸಸ್ಯಗಳ ಪಟ್ಟಿಯಲ್ಲಿ ಸೇರಿದೆ.

ಇಲ್ಲಿ ಒಂದು ಕಠಿಣವಾದ ಆಕ್ಷೇಪಣೆಯುಂಟು. ಅದನ್ನು ಮುಚ್ಚಿಡುವದು ಪ್ರಾಮಾಣಿಕವಲ್ಲ. ಹಸಿದವನಿಗೆ ಮಿತಿಯ ಉಪದೇಶ ಮಾಡುವದು ನ್ಯಾಯವೋ? ತಿಂಗಳ ಸಂಬಳವುಳ್ಳವನು ಕುರ್ಚಿಯಲ್ಲಿ ಕೂತುಕೊಂಡು, ಉಪ್ಪಾಗೆ ಮಾರಿ ಮಗಳ ಪುಸ್ತಕ ಕೊಳ್ಳುವವನಿಗೆ, ನೀನು ಕಾಡನ್ನು ಕೆಡಿಸಬೇಡವೆಂದು ಹೇಳಬಹುದೋ? ನಮ್ಮ ಉತ್ತರವಿದು. ತನ್ನ ಹೊಟ್ಟೆಗಾಗಿ ಕೊಯ್ಯುವವನಿಂದ ಕಾಡು ಕೆಟ್ಟದ್ದು ಅಪರೂಪ. ಹೊಟ್ಟೆಗೆ ಒಂದು ಅಳತೆಯುಂಟು, ಸಂತೆಗೆ ಅಳತೆಯಿಲ್ಲ. ತುಂಬಿದ ಹೊಟ್ಟೆಯು ಸಾಕೆಂದು ಹೇಳುವದು. ಸಂತೆಯು ಎಷ್ಟು ತಂದರೂ ಇನ್ನೂ ತಾ ಎನ್ನುವದು. ಆದಕಾರಣ ಮಿತಿಯ ಭಾರವು ಮೊದಲು ಕೊಳ್ಳುವವನ ಮೇಲೆಯೂ, ಮಧ್ಯದಲ್ಲಿ ಲಾಭ ತೆಗೆಯುವವನ ಮೇಲೆಯೂ ಬೀಳತಕ್ಕದ್ದು. ಕೊನೆಯಲ್ಲಿ ಮಾತ್ರ ಕೊಯ್ಯುವವನ ಮೇಲೆ. ಮಾಗದ ಕಾಯನ್ನು ಕೊಳ್ಳದಿರುವದು, ಬೇರುಸಹಿತ ಬಂದದ್ದನ್ನು ಬೇಡವೆನ್ನುವದು, ಮಾಗುವ ತನಕ ಕಾದವನಿಗೆ ನ್ಯಾಯವಾದ ಬೆಲೆಯನ್ನು ಕೊಡುವದು, ಇವು ಕೊಳ್ಳುವವನ ಧರ್ಮ. ಮತ್ತು ಕಾಯುವದು ಒಬ್ಬನಿಂದಾಗದು. ಊರೇ ಕೂಡಿ, ಇಂಥ ದಿವಸಕ್ಕೆ ಮುಂಚೆ ಯಾರೂ ಕೊಯ್ಯಬಾರದೆಂದು ಗೊತ್ತುಮಾಡಬೇಕು. ೨೦೦೬ರ ಅರಣ್ಯ ಹಕ್ಕು ಕಾಯ್ದೆಯು ಕಾಡಿನಲ್ಲಿ ತಲೆತಲಾಂತರದಿಂದ ವಾಸಿಸುವವರಿಗೆ ಬಿದಿರು, ಜೇನು, ಗೆಡ್ಡೆಬೇರುಗಳಂಥ ಕಿರು ಉತ್ಪನ್ನಗಳ ಮೇಲೆ ಹಕ್ಕನ್ನು ಕೊಟ್ಟಿದೆ. ಕಾಡನ್ನು ಕಾಯುವ ಭಾರವನ್ನೂ ಅದರೊಂದಿಗೆ ಹೊರಿಸಿದೆ. ಹೀಗೆ ಹಕ್ಕನ್ನೂ ಭಾರವನ್ನೂ ಒಂದೇ ಕೈಗೆ ಕೊಟ್ಟದ್ದು ನ್ಯಾಯವೆಂದು ನಾವು ಎಣಿಸುತ್ತೇವೆ. ನಾಳೆ ತನ್ನದೆಂಬ ಭರವಸೆಯಿಲ್ಲದವನಿಗೆ ಇಂದು ಕಾಯೆಂದು ಹೇಳುವದು ಬರೇ ಮಾತು.

ಮೂರನೆಯದು ಹಂಚುವ ಋಣ. ಇದರಲ್ಲಿ ಎರಡು ಭಾಗಗಳುಂಟು: ಸೊಪ್ಪನ್ನು ಹಂಚುವದು, ಅರಿವನ್ನು ಹಂಚುವದು.

ಸೊಪ್ಪಿನ ವಿಷಯದಲ್ಲಿ ಹೊಲದ ಯಜಮಾನನಿಗೆ ಮೊದಲು ಹೇಳುವೆವು. ಹೊಲದ ಮೂಲೆಯನ್ನು ಪೂರಾ ಕೊಯ್ಯಬಾರದು, ಬಿದ್ದ ತೆನೆಯನ್ನು ಆರಿಸಬಾರದು, ಅದು ಬಡವರದೂ ಪರದೇಶಿಯದೂ ಎಂಬ ಹಳೇ ಅಪ್ಪಣೆಯಿಂದಲೇ ಮೋವಾಬ್ಯಳಾದ ರೂತಳಿಗೆ ಅನ್ನ ಸಿಕ್ಕಿತು. ಬದುವಿನ ಸೊಪ್ಪು ನಮ್ಮ ದೇಶದ ಹಕ್ಕಲು. ಈಗ ಅನೇಕರು ಕಳೆ ತೆಗೆಸುವದನ್ನು ಬಿಟ್ಟು ಕಳೆನಾಶಕವನ್ನು ಸಿಂಪಡಿಸುತ್ತಾರೆ. ಕೂಲಿಯಾಳುಗಳು ಸಿಕ್ಕದಿರುವ ಕಷ್ಟವನ್ನು ನಾವು ಬಲ್ಲೆವು. ಆದರೆ ಮದ್ದು ಹೊಡೆದ ಹೊಲವು ನೋಡಲಿಕ್ಕೆ ಒಂದೆರಡು ದಿವಸ ಹಸುರಾಗಿಯೇ ಇರುವದು. ಆ ದಿವಸಗಳಲ್ಲಿ ಒಬ್ಬ ಬಡ ವಿಧವೆಯು ಬಂದು ಆ ಕುಡಿಗಳನ್ನು ಮಡಿಲಿಗೆ ಹಾಕಿಕೊಂಡರೆ ಆ ಪಾತ್ರೆಯ ವಿಷಕ್ಕೆ ಉತ್ತರವಾದಿ ಯಾರು? ಮದ್ದು ಹೊಡೆದವನು ನೆರೆಹೊರೆಗೆ ತಿಳಿಸಬೇಕು. ಬದುವಿನಲ್ಲಿ ಒಂದು ಕೋಲಿಗೆ ಬಟ್ಟೆ ಕಟ್ಟಿಯಾದರೂ ಗುರುತಿಡಬೇಕು. ಸಾಧ್ಯವಾದರೆ ಬದುವನ್ನಾದರೂ ಮದ್ದಿಲ್ಲದೆ ಬಿಡಬೇಕು. ಕೊಯ್ಯುವವರಾದರೋ ಕೇಳದೆ ಹೊಲಕ್ಕೆ ಇಳಿಯಬಾರದು. ಕೇಳಿದರೆ ಕೊಡದವರು ಕಡಿಮೆ. ಕೇಳುವದರಿಂದ ಮರ್ಯಾದೆಯೂ ಉಳಿಯುವದು, ಜೀವವೂ ಉಳಿಯುವದು.

ಅರಿವಿನ ವಿಷಯದಲ್ಲಿ ನಮ್ಮ ಸಭೆಗಳಿಗೆ ಒಂದು ವಿಶೇಷವಾದ ತೊಡಕುಂಟು. ಕಾಡಿನ ಗಿಡಗಳ ಬಳಕೆಯು ಅನೇಕ ಕಡೆಗಳಲ್ಲಿ ಹಳೇ ಆಚರ��ೆಗಳೊಂದಿಗೆ ಹೆಣೆದುಕೊಂಡಿರುವದು. ಕರಾವಳಿಯಲ್ಲಿ ಆಟಿಯ ಅಮಾವಾಸ್ಯೆಯ ಮುಂಜಾನೆ ಹಾಲೆಮರದ ತೊಗಟೆಯನ್ನು ಕಬ್ಬಿಣ ತಾಗಿಸದೆ ಕಲ್ಲಿನಿಂದ ಜಜ್ಜಿ ತೆಗೆದು, ಅದರ ರಸವನ್ನು ಕುಡಿಯುವ ವಾಡಿಕೆಯುಂಟು. ಇದನ್ನು ನಾವು ಮಾಡಬಹುದೋ ಮಾಡಬಾರದೋ ಎಂದು ಕೆಲವರು ಕೇಳುತ್ತಾರೆ. ಗಿಡವು ಯಾವ ಮತಕ್ಕೂ ಸೇರಿದ್ದಲ್ಲ, ಅದು ಸೃಷ್ಟಿಕರ್ತನದು. ಒಂದು ಎಲೆಯು ಒಂದು ಹಬ್ಬದ ದಿವಸ ಬೇಯಿಸಲ್ಪಡುವ ಮಾತ್ರಕ್ಕೆ ಅಶುದ್ಧವಾಗದು. ಅದೇ ರೀತಿಯಾಗಿ ಹಿರಿಯರ ಆಚಾರದಲ್ಲಿ ಸೇರಿದ ಮಾತ್ರಕ್ಕೆ ಮದ್ದೂ ಆಗದು. ಎರಡು ಕಡೆಯಲ್ಲಿಯೂ ಕೇಳತಕ್ಕ ಪ್ರಶ್ನೆ ಒಂದೇ: ಇದು ನಿಜವೋ? ಹಾಲೆಯ ತೊಗಟೆಯು ಬಹಳ ಕಹಿಯಾದದ್ದು, ಅಳತೆ ಮೀರಿದರೆ ಹಾನಿಕರವಾದದ್ದು. ವರುಷದ ರೋಗವೆಲ್ಲಾ ಒಂದು ಗುಟುಕಿನಿಂದ ಹೋಗುವದೆಂಬದಕ್ಕೆ ಪ್ರಮಾಣವಿಲ್ಲ. ಮುಂಜಾನೆಯ ಕತ್ತಲೆಯಲ್ಲಿ ಮರ ತಪ್ಪಿ ಕಾಸರಕದ ತೊಗಟೆ ಬಂದರೆ ಅದರಲ್ಲಿರುವ ವಿಷವು ಮನುಷ್ಯನನ್ನು ಸೆಟೆಸಿ ಕೊಲ್ಲುವದು. ಆದಕಾರಣ ಅದನ್ನು ಮಂತ್ರದಂತೆ ಕುಡಿಯುವದು ಬೇಡ. ತಗಚೆಯನ್ನೂ ಪತ್ರೊಡೆಯನ್ನೂ ಕಳಲೆಯನ್ನೂ ಅದರೊಂದಿಗೆ ಸೇರಿಸಿ ಎಸೆದುಬಿಡುವದೂ ಬೇಡ. ಹೊಟ್ಟನ್ನು ಕೇರುವಾಗ ಕಾಳನ್ನೂ ಗಾಳಿಗೆ ತೂರುವವನು ಬುದ್ಧಿವಂತನಲ್ಲ.

ಅರಿವನ್ನು ಹಂಚದಿದ್ದರೆ ಏನಾಗುವದು? ಹಣವನ್ನು ಹೂತಿಟ್ಟು ಸತ್ತರೆ ಮೊಮ್ಮಕ್ಕಳು ಅಗೆದು ತೆಗೆಯಬಹುದು. ಗಿಡದ ಗುರುತು ಒಬ್ಬ ಮುದುಕಿಯೊಂದಿಗೆ ಸಮಾಧಿಗೆ ಇಳಿದರೆ ಅದನ್ನು ಅಗೆಯಲಿಕ್ಕಾಗದು. ಗಿಡವು ಬದುವಿನಲ್ಲಿ ನಿಂತೇ ಇರುವದು. ಆದರೆ ಅದು ಸೊಪ್ಪೋ ವಿಷವೋ ಎಂದು ಹೇಳುವವರಿಲ್ಲದೆ ಊರಿಗೇ ಅದು ಕಸವಾಗುವದು. ತಿಳಿದವರಿಲ್ಲದ ಊರಿನಲ್ಲಿ ಮಕ್ಕಳು ತಿನ್ನಬಾರದ್ದನ್ನು ತಿಂದು ಸಾಯುತ್ತಾರೆಂಬದನ್ನು ಮೇಲೆ ಹೇಳಿದೆವು. ಹೀಗಿರುವದರಿಂದ ಈ ಅರಿವು ಬರೇ ರುಚಿಯ ಮಾತಲ್ಲ, ಪ್ರಾಣದ ಮಾತು.

ನಗರಗಳಲ್ಲಿ ಈಗ ಆಟಿಯ ಊಟವೆಂದು ಸಭೆ ಕೂಡಿಸಿ, ನಮ್ಮ ಅಜ್ಜಿಯಂದಿರು ಹಸಿವಿಗಾಗಿ ಉಂಡದ್ದನ್ನು ಬಾಳೆಲೆಯಲ್ಲಿ ಬಡಿಸಿ ಸಂತೋಷಪಡುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ನಾಚಿಕೆಗಿಂತ ಸಂತೋಷವು ಒಳ್ಳೇದು. ಆದರೆ ವರುಷಕ್ಕೊಂದು ದಿವಸ ಉಣ್ಣುವದರಿಂದ ಋಣವು ತೀರದು. ಬಡಿಸಿದ ತಜಂಕನ್ನು ಗುಡ್ಡದಲ್ಲಿ ಗುರುತಿಸಬಲ್ಲವರು ಆ ಪಂಕ್ತಿಯಲ್ಲಿ ಎಷ್ಟು ಮಂದಿ?

ಪ್ರಿಯ ಸಹೋದರ ಸಹೋದರಿಯರೇ, ನಾವು ದೊಡ್ಡ ಕೆಲಸವನ್ನೇನೂ ಕೇಳುವದಿಲ್ಲ. ಮುಂಗಾರು ಹಿಡಿದ ಮೇಲೆ ಒಂದು ದಿವಸ ನಿಮ್ಮ ಮನೆಯಲ್ಲಾಗಲಿ ನೆರೆಯಲ್ಲಾಗಲಿ ಇರುವ ವೃದ್ಧೆಯೊಬ್ಬಳ ಜೊತೆಯಲ್ಲಿ ಮಕ್ಕಳನ್ನು ಕರಕೊಂಡು ಬದುವಿನ ಮೇಲೆ ನಡೆಯಿರಿ. ಅವಳು ತೋರಿಸುವ ಒಂದೊಂದು ಗಿಡದ ಹೆಸರನ್ನೂ, ಯಾವಾಗ ಕೊಯ್ಯಬೇಕೆಂಬದನ್ನೂ, ಯಾವದನ್ನು ಬಿಡಬೇಕೆಂಬದನ್ನೂ ಓದಬಲ್ಲ ಮಗುವು ಬರೆದುಕೊಳ್ಳಲಿ. ಅಕ್ಷರ ಬಲ್ಲ ಕೈಯೂ ಗಿಡ ಬಲ್ಲ ಕೈಯೂ ಕೂಡಿದರೆ ಆ ಬರಹವು ಆ ಊರಿಗೆ ದೊಡ್ಡ ಸಂಪತ್ತಾಗುವದು. ಹಾಗೆ ಮಾಡುವಾಗ ಆ ವೃದ್ಧೆಯನ್ನು, ಅಜ್ಜೀ, ನಮಗೆ ಕಲಿಸಿರಿ ಎಂದು ಮರ್ಯಾದೆಯಿಂದ ಕೇಳಿರಿ. ಓದು ಬಾರದವಳೆಂದು ಬಹುಕಾಲ ಎಣಿಸಲ್ಪಟ್ಟವಳು ಗುರುವಿನ ಸ್ಥಾನದಲ್ಲಿ ನಿಲ್ಲುವದನ್ನು ಮಕ್ಕಳು ನೋಡುವದೂ ಒಂದು ಪಾಠವೇ.

ಬಿತ್ತಿ ಕೊಯ್ದವನು ತನ್ನ ದುಡಿಮೆಯನ್ನು ನೆನಸಿ ಹೆಮ್ಮೆಪಡಬಹುದು. ಬಿತ್ತದೆ ಕೊಯ್ದವನಿಗೆ ಆ ಹೆಮ್ಮೆಗೆ ಆಸ್ಪದವಿಲ್ಲ. ಅವನಿಗಿರುವದು ಕೃತಜ್ಞತೆ ಒಂದೇ. ಅದು ಬಾಯಿಮಾತಾಗಿದ್ದರೆ ಸಾಲದು. ತಿಳಿಯದ್ದನ್ನು ಕೊಯ್ಯದಿರುವದು, ಬೇರನ್ನು ಉಳಿಸುವದು, ಬಲ್ಲದ್ದನ್ನು ಕಲಿಸುವದು, ಇವೇ ಆ ಕೃತಜ್ಞತೆಯ ಕ್ರಿಯೆಗಳು. ಈ ಮೂರನ್ನು ಸಲ್ಲಿಸಿದವನು ಯಾರ ಮುಂದೆಯೂ ನಾಚದೆ ತನ್ನ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಬೀದಿಯಲ್ಲಿ ಬರಲಿ.